ಲೆಕ್ಕಕ್ಕೆ ಸಿಗದ ವೀಕ್ಷಕರು ನಾವು

ನಮ್ಮ ದುಬೈ ಸಂಘದ ಪತ್ರಿಕೆಯ ಕಳೆದ ಸಂಚಿಕೆಯಲ್ಲಿ "ಅರ್ಧದಲ್ಲೇ ನಿಂತುಹೋದ, ಈಗಲೂ ನೆನಪಾಗೋ ಧಾರಾವಾಹಿ ಯಾವ್ದು, ಎರಡು ಸಾಲು ಬರೆದು ಕಳ್ಸಿ" ಅಂತ ಕೇಳಿದ್ದೆ. ಸಾಮಾನ್ಯವಾಗಿ ನಾನು ಏನು ಕೇಳಿದ್ರೂ ವಾಟ್ಸಾಪಲ್ಲಿ ಒಂದು ಹೆಬ್ಬೆಟ್ಟು ಬರ್ತದೆ, ಅಲ್ಲಿಗೆ ಮುಗೀತು. ಈ ಸಲ ಮಾತ್ರ ನಮ್ಮ ಕಾಸರಗೋಡು ಕಡೆಯ ಕುಂಬಳೆಯವ್ರು, ಬದಿಯಡ್ಕದವ್ರು, ಮಂಜೇಶ್ವರದವ್ರು, ಗಲ್ಫಿಗೆ ಬಂದು ಅರ್ಧ ಆಯುಷ್ಯ ಕಳೆದವ್ರು ಕೂಡ ಬರೆದದ್ದೇ ಬರೆದದ್ದು ಮಾರಾಯ್ರೆ.

ಹೆಚ್ಚಿನವ್ರದ್ದು ಒಂದೇ ಹೆಸರು, ಮಗಳು ಜಾನಕಿ. ಟಿ.ಎನ್. ಸೀತಾರಾಮ್ ಅವರದ್ದು, 2018ರಲ್ಲಿ ಕಲರ್ಸ್ ಸೂಪರಲ್ಲಿ ಶುರು ಆದದ್ದು. ಮಾಯಾಮೃಗ, ಮನ್ವಂತರ, ಮುಕ್ತ ನೋಡಿದವ್ರಿಗೆ ಅವರ ಕೋರ್ಟ್ ಸೀನಿನ ರುಚಿ ಗೊತ್ತುಂಟು, ಇಬ್ಬರು ಎದುರೆದುರು ಕೂತು ಬರೀ ಮಾತಾಡ್ತಾ ಇದ್ರೂ ಚಾನೆಲ್ ಬದಲಿಸೋ ಮನಸ್ಸಾಗೋದಿಲ್ಲ. 2020ರ ಮಾರ್ಚಲ್ಲಿ ಲಾಕ್‌ಡೌನ್ ಅಂತ ಶೂಟಿಂಗ್ ನಿಂತದ್ದು, ಮತ್ತೆ ಆ ಕಥೆ ಮೇಲೇಳಲೇ ಇಲ್ಲ. ಪೆರ್ಲದ ನಮ್ಮ ಚಿಕ್ಕಮ್ಮ ಆವಾಗ ಮನೇಲಿ ಒಬ್ರೇ. ಕೇರಳ ಕರ್ನಾಟಕ ಗಡಿಯ ತಲಪಾಡಿಯಲ್ಲಿ ರಸ್ತೆಗೆ ಮಣ್ಣು ಸುರಿದು ಗಡಿ ಮುಚ್ಚಿದ ದಿನಗಳು ಅವು, ಮಂಗಳೂರು ಆಸ್ಪತ್ರೆಗೆ ಹೋಗಬೇಕಾದ ರೋಗಿಗಳನ್ನೂ ಬಿಡದೆ ಕೇಸು ಸುಪ್ರೀಂ ಕೋರ್ಟಿನವರೆಗೆ ಹೋದದ್ದು ನಿಮಗೆಲ್ಲ ಗೊತ್ತೇ ಉಂಟು. ನಾನಿಲ್ಲಿಂದ ಫೋನ್ ಮಾಡಿ ಬಿಪಿ ಮಾತ್ರೆ ಉಂಟಾ, ಅಕ್ಕಿ ಉಂಟಾ ಅಂತ ಕೇಳಿದ್ರೆ ಅವರು ಅದಕ್ಕೆಲ್ಲ ಹೂಂ ಹೂಂ ಹೇಳಿ ಕಡೆಗೆ ಕೇಳೋದು, "ಅಲ್ಲ, ಆ ಜಾನಕಿಯ ಕಥೆ ಮತ್ತೆ ಎಂತಾತು?" ಬೆಂಗಳೂರಿನ ಕಥೆ ದುಬೈಯಲ್ಲಿರೋ ನನಗೆ ಗೊತ್ತಿರ್ತದೆ ಅಂತ ಅವರಿಗೊಂದು ನಂಬಿಕೆ.

ಈಗ ನನ್ನ ತಕರಾರಿಗೆ ಬರ್ತೇನೆ. ಧಾರಾವಾಹಿ ಮುಂದುವರೀಬೇಕಾ ಬೇಡ್ವಾ ಅನ್ನೋದರಲ್ಲಿ ದೊಡ್ಡ ಮಾತು ಟಿಆರ್‌ಪಿಯದ್ದು, ಅಂದ್ರೆ ಎಷ್ಟು ಜನ ನೋಡ್ತಾರೆ ಅನ್ನೋ ಲೆಕ್ಕದ್ದು. 2015ರಿಂದ ಆ ಲೆಕ್ಕ ಕೊಡೋದು ಬಾರ್ಕ್ ಅನ್ನೋ ಸಂಸ್ಥೆ. ಇಡೀ ದೇಶದಲ್ಲಿ 50 ಸಾವಿರ ಚಿಲ್ಲರೆ ಮನೆಗಳಲ್ಲಿ ಟಿವಿ ಹತ್ರ ಒಂದು ಮೀಟರ್ ಇಟ್ಟಿರ್ತಾರೆ, ಚಾನೆಲಿನ ಧ್ವನಿಯೊಳಗೆ ನಮ್ಮ ಕಿವಿಗೆ ಕೇಳದ ಒಂದು ಗುರುತು ಸೇರಿಸಿರ್ತಾರೆ, ಮೀಟರ್ ಅದನ್ನು ಹಿಡಿದು ಯಾವ ಚಾನೆಲ್ ಎಷ್ಟು ಹೊತ್ತು ಓಡಿತು ಅಂತ ಬರ್ಕೊಳ್ತದೆ. ಕನ್ನಡ ಚಾನೆಲ್‌ಗಳ ರ‍್ಯಾಂಕಿಂಗ್ ತೆಗೆಯೋದು ಕರ್ನಾಟಕ ಮಾರ್ಕೆಟ್ ನೋಡಿ. ಹಾಗಾಗಿ ನೀರ್ಚಾಲಿನ ಒಂದು ಮನೆಗೆ ಮೀಟರ್ ಬಂದ್ರೂ ಅದು ಹೋಗಿ ಸೇರೋದು ಕೇರಳದ ಲೆಕ್ಕಕ್ಕೆ! 1956ರಲ್ಲಿ ರಾಜ್ಯ ವಿಂಗಡಣೆ ಅಂತ ಗೆರೆ ಎಳೆದು ಕಾಸರಗೋಡನ್ನು ಕೇರಳಕ್ಕೆ ಹಾಕಿದ್ರು, 1967ರಲ್ಲಿ ಗಡಿ ತಕರಾರು ನೋಡಿದ ಮಹಾಜನ ಆಯೋಗ ಚಂದ್ರಗಿರಿ ಹೊಳೆಯಿಂದ ಉತ್ತರಕ್ಕಿರೋದು ಕರ್ನಾಟಕಕ್ಕೆ ಸೇರ್ಲಿ ಅಂತ ಹೇಳಿತು, ವರದಿ ಕಡತದಲ್ಲೇ ಕೂತಿತು, ಆ ರಾಮಾಯಣ ಈಗ ಬೇಡ. ಆದ್ರೆ ಟಿವಿ ನೋಡೋದರಲ್ಲೂ ಅದೇ ಗೆರೆ ಅಂದ್ರೆ ಎಂತ ಹೇಳೋದು. ಗಲ್ಫಿನ ನಾವಂತೂ ಯಾವ ಗೆರೆಯ ಒಳಗೂ ಇಲ್ಲ.

ನಮ್ಮ ವೋಟು ಸೇರಿದ್ರೆ ಎಲ್ಲ ಒಳ್ಳೇ ಸೀರಿಯಲ್ ಉಳೀತಿತ್ತು ಅಂತ ನಾನು ಹೇಳೋದಿಲ್ಲ, ಅತ್ತೆ ಸೊಸೆ ಜಗಳ ಕಣ್ಣು ಮಿಟುಕಿಸದೆ ನೋಡೋರು ನಮ್ಮಲ್ಲೂ ಬೇಕಾದಷ್ಟು ಮಂದಿ. ಒಬ್ಬರು ಸದಸ್ಯರ ಮಗ ಇಂಗ್ಲಿಷಿನ ಫೈರ್‌ಫ್ಲೈ ಬಗ್ಗೆ ಬರೆದಿದ್ದಾನೆ. 2002ರಲ್ಲಿ ಅಮೆರಿಕದ ಫಾಕ್ಸ್ ಚಾನೆಲ್ 14 ಕಂತಲ್ಲಿ 11 ಹಾಕಿ, ಅದನ್ನೂ ಹಿಂದುಮುಂದು ಮಾಡಿ ಹಾಕಿ ನಿಲ್ಲಿಸಿತಂತೆ, ಡಿವಿಡಿ ಚೆನ್ನಾಗಿ ಹೋದ ಮೇಲೆ 2005ರಲ್ಲಿ ಅದೇ ಕಥೆ ಸಿನಿಮಾ ಆಗಿ ಬಂತು. ನಮ್ಮ ಜಾನಕಿಗೆ ಅಂಥ ಯೋಗ ಇಲ್ಲ.

ದೂರದರ್ಶನದ ಕಾಲದಲ್ಲಿ ಲೆಕ್ಕ ಬೇರೆ ಇತ್ತು, ವಾರಕ್ಕೊಂದು ಕಂತು, 13 ಕಂತಿಗೆ ಮಂಜೂರು, ಅಂದ್ರೆ ಮೂರು ತಿಂಗಳು. ಶಂಕರ್‌ನಾಗ್ ಆಗುಂಬೆಯಲ್ಲಿ ತೆಗೆದ ಮಾಲ್ಗುಡಿ ಡೇಸ್ 39 ಕಂತು, ಸರಿಯಾಗಿ ಮೂರು ಹದಿಮೂರು. 1990ರಲ್ಲಿ ಅವರು ಹೋದ್ರು. 2006ರಲ್ಲಿ ಕವಿತಾ ಲಂಕೇಶ್ ಇನ್ನೂ 15 ಕಂತು ಮಾಡಿದ್ರು, ಒಳ್ಳೇದೇ ಇತ್ತು, ಆದ್ರೂ ನನ್ನ ಮನಸ್ಸಿನ ಮಾಲ್ಗುಡಿ ಮೊದಲಿನದ್ದೇ.

ನನ್ನನ್ನು ಕೇಳಿದ್ರೆ ಮಾತ್ರ ನನ್ನ ವೋಟು ಆ ದೂರದರ್ಶನ ಕಾಲದ ಧಾರಾವಾಹಿ ಗುಡ್ಡದ ಭೂತಕ್ಕೆ. ಸದಾನಂದ ಸುವರ್ಣರದ್ದು, 13ಕ್ಕೇ ಮುಗಿದದ್ದು, ಪ್ರಕಾಶ್ ರೈ ಇನ್ನೂ ಸಿನಿಮಾದಲ್ಲಿ ದೊಡ್ಡ ಹೆಸರು ಮಾಡುವ ಮೊದಲು. ಅದರ "ಡೆನ್ನಾನ ಡೆನ್ನಾನ" ಹಾಡು ಶುರು ಆದ್ರೆ ನಾವು ಮಕ್ಕಳು ಹೆದರಿ ಅಜ್ಜಿಯ ಸೆರಗಿನ ಹತ್ರ ಕೂತು, ಅಲ್ಲಿಂದ್ಲೇ ಇಣುಕಿ ನೋಡೋದು. ಅದಕ್ಕಿಂತ ದೊಡ್ಡ ಸಂಗತಿ ಭಾಷೆ. ನಮ್ಮ ಕಡೆಯ ಕನ್ನಡ ತೆರೆ ಮೇಲೆ ಬಂದ್ರೆ ಸಾಮಾನ್ಯವಾಗಿ ಅಡುಗೆ ಭಟ್ರ ಬಾಯಲ್ಲಿ, ನಗ್ಸೋದಕ್ಕೆ ಅಂತ. ಇಲ್ಲಿ "ಎಂತ", "ಉಂಟು" ಅನ್ನೋರು ಸಿಟ್ಟು ಮಾಡ್ತಾರೆ, ಹೆದರ್ತಾರೆ, ಜಾಗದ ತಕರಾರು ಮಾತಾಡ್ತಾರೆ, ಯಾರೂ ನಗೋದಿಲ್ಲ. ಇವತ್ತಿನ ಸೀರಿಯಲ್ ಮುನ್ನೂರು ಕಂತು ಎಳೆದ್ರೂ ಕಟ್ಟಲಾಗದ ಒಂದು ಊರನ್ನು ಹದಿಮೂರರಲ್ಲಿ ಕಟ್ಟಿದ್ರು. ಬೇಗ ಮುಗೀತು ಅಂತ ಬೇಜಾರು ಉಂಟು, ಎಳೀಲಿಲ್ಲ ಅಂತ ಸಮಾಧಾನವೂ ಉಂಟು.

ಹಾಗಾಗಿ ಸಂಘದ ಕಮಿಟಿಯವ್ರಿಗೆ ನನ್ನದೊಂದು ಅರ್ಜಿ: ಮುಂದಿನ ಕುಟುಂಬ ಮಿಲನದ ದಿನ ಊಟ ಆದ್ಮೇಲೆ ಆ ಅಂತ್ಯಾಕ್ಷರಿ ಒಂದು ಸಲ ಬಿಟ್ಟು ಗುಡ್ಡದ ಭೂತದ ಎರಡು ಕಂತು ಪ್ರೊಜೆಕ್ಟರಲ್ಲಿ ಹಾಕುವ. ಮಕ್ಕಳು ಕೂರೋದಿಲ್ಲ ಅಂತ ಈಗಾಗಲೇ ಇಬ್ಬರು ಹೇಳಿದ್ದಾರೆ. ಕೂರದಿದ್ರೆ ಆಡಿಕೊಳ್ಳಲಿ, ನಾವು ನೋಡುವ. ಯಾರ ಹತ್ರವಾದ್ರೂ ಆಗ ಟಿವಿಯಿಂದ ರೆಕಾರ್ಡ್ ಮಾಡಿದ ಹಳೇ ವಿಎಚ್‌ಎಸ್ ಕ್ಯಾಸೆಟ್ ಇದ್ರೆ, ಬೂಷ್ಟು ಹಿಡಿದಿದ್ರೂ ಪರವಾಗಿಲ್ಲ, ಬಿಸಾಡುವ ಮೊದಲು ನನಗೊಂದು ಫೋನ್ ಮಾಡಿ.