ದೆವ್ವದ ಮನೆಯ ಕತೆ ಬರೆಯುವ ತಮ್ಮನಿಗೆ

ಪ್ರೀತಿಯ ತಮ್ಮಾ,

ನ್ಯಾಂಟಿಯೋಸ್ ಮನೆಯ ಮೇಲೆ ನೀನು ಬರೆದ ಕತೆ ಓದಿದೆ. ಬೂದು ಬಟ್ಟೆಯ ಹೆಂಗಸು ಮೆಟ್ಟಿಲ ಮೇಲೆ ಮತ್ತೆ ಮತ್ತೆ ಬರುತ್ತಾಳೆ. ಆದರೆ ಅವಳು ಯಾಕೆ ಬರುತ್ತಾಳೆ ಅಂತ ಕೊನೆಯವರೆಗೂ ತಿಳಿಯಲಿಲ್ಲ.

ವೇಲ್ಸ್‌ನ ಅಬೆರಿಸ್ಟ್ವಿತ್ ಹತ್ತಿರದ ಆ ಮನೆಯ ಬಗ್ಗೆ ಜನ ಹೇಳುವ ಕತೆಯಲ್ಲಿ ಅವಳಿಗೊಂದು ಚಿಂತೆಯಿದೆ. ಕಾಯಿಲೆ ಬಿದ್ದು ಸಾಯುವ ಹೊತ್ತಿನಲ್ಲಿ ಎದ್ದು ಹೋಗಿ ಒಡವೆಗಳನ್ನು ಬಚ್ಚಿಟ್ಟಳಂತೆ. ಈಗಲೂ ಅವನ್ನೇ ಹುಡುಕುತ್ತಾಳಂತೆ. ಯಾರ ಕೈಗೆ ಸಿಗಬಾರದು ಅಂತ ಬಚ್ಚಿಟ್ಟಳು? ಅದನ್ನು ಯೋಚಿಸು. ಭಯ ತಾನಾಗಿ ಬರುತ್ತದೆ. ಕಾಡಿನಲ್ಲಿ ಕೇಳಿಸುವ ಹಾರ್ಪ್ ಎಂಬ ತಂತಿವಾದ್ಯದ ಸದ್ದನ್ನು ಬಿಟ್ಟುಬಿಡು, ನಿನ್ನ ಕತೆಗೆ ಅದು ಜಾಸ್ತಿಯಾಯಿತು.

ನೀನು ಒಂದೇ ಸಾಲಿನಲ್ಲಿ ಮುಗಿಸಿದ ಮರದ ಬಟ್ಟಲಿದೆಯಲ್ಲ, ನಿಜವಾದ ಕತೆ ಅಲ್ಲಿದೆ. ಅದು ಏಸುವಿನ ಕೊನೆಯ ಊಟದ ಬಟ್ಟಲು, ವೇಲ್ಸ್‌ನಲ್ಲೇ ಇದ್ದ ಸ್ಟ್ರಾಟಾ ಫ್ಲೋರಿಡಾ ಎಂಬ ಕ್ರೈಸ್ತ ಮಠ ಮುಚ್ಚಿದಾಗ ಸನ್ಯಾಸಿಗಳು ಈ ಮನೆಗೆ ತಂದರು ಎನ್ನುತ್ತಾರೆ. ಮಠ ಮುಚ್ಚಿದ್ದು 1539ರಲ್ಲಿ. ಈಗಿರುವ ಮನೆ ಕಟ್ಟಲು ಶುರು ಮಾಡಿದ್ದು 1739ರಲ್ಲಿ. ನಡುವಿನ 200 ವರ್ಷವನ್ನು ಜನರ ಬಾಯಿ ತುಂಬಿಸಿದೆ. ಬಟ್ಟಲು ಕೂಡ ಏಸುವಿನ ಕಾಲದ್ದಲ್ಲ, ಮಧ್ಯಯುಗದ್ದು, ಎಲ್ಮ್ ಮರದ್ದು. ಹಾಗಂತ ಕತೆ ಸುಳ್ಳು ಅಂತ ಪಕ್ಕಕ್ಕೆ ಇಡಬೇಡ.

ಯಾಕೆಂದರೆ ಸುತ್ತಲಿನ ಊರಿನವರು ಕಾಯಿಲೆಯವರಿಗಾಗಿ ಆ ಬಟ್ಟಲನ್ನು ಎರವಲು ಒಯ್ಯುತ್ತಿದ್ದರು. ಅದರಲ್ಲಿ ಕುಡಿದರೆ ವಾಸಿಯಾಗುತ್ತದೆ ಎಂಬ ನಂಬಿಕೆ. ವಾಪಸ್ ಕೊಡುವ ತನಕ ಗಡಿಯಾರವನ್ನೋ ದುಡ್ಡನ್ನೋ ಅಡವಿಡಬೇಕಿತ್ತು. ಯಾರು ಒಯ್ದರು, ಏನು ಇಟ್ಟರು, ಗುಣವಾಯಿತೇ ಅಂತ ಚೀಟಿಗಳಲ್ಲಿ ಬರೆದಿಡುತ್ತಿದ್ದರು. ಕೆಲವರು ಅಂಚನ್ನೇ ಕಚ್ಚಿಕೊಂಡರು ಎನ್ನುತ್ತಾರೆ. ಈಗ ಉಳಿದಿರುವುದು ಒಂದು ತುಂಡು ಮಾತ್ರ. ಒಣಗಿದ ಮರವನ್ನು ಹಲ್ಲಿನಿಂದ ಕಚ್ಚುವಷ್ಟು ಬದುಕುವ ಆಸೆ! ನನ್ನ ಮಟ್ಟಿಗೆ ಯಾವ ದೆವ್ವಕ್ಕಿಂತಲೂ ಇದು ದೊಡ್ಡದು.

2014ರಲ್ಲಿ ಆ ಬಟ್ಟಲು ಕಳುವಾಯಿತು, ಮರುವರ್ಷ ಸಿಕ್ಕಿತು. 2016ರಿಂದ ಅಬೆರಿಸ್ಟ್ವಿತ್‌ನಲ್ಲಿರುವ ವೇಲ್ಸ್ ರಾಷ್ಟ್ರೀಯ ಗ್ರಂಥಾಲಯದಲ್ಲಿದೆ. ಕಳ್ಳತನದ ಭಾಗ ನಿನ್ನ ಕತೆಗೆ ಬೇಡ, ಸುಮ್ನೆ ಪತ್ತೇದಾರಿ ಆಗಿಬಿಡುತ್ತದೆ.

ಈಗ ಕತೆಯನ್ನು ಮನೆಯ ಒಳಗಿಂದಲ್ಲ, ಬಾಗಿಲಲ್ಲಿ ನಿಂತವರ ಕಡೆಯಿಂದ ಬರೆ. ಮಗುವಿಗೆ ಜ್ವರ. ಅಪ್ಪ ಅಡವಿಡಲು ಗಡಿಯಾರ ತಂದಿದ್ದಾನೆ. ಬಟ್ಟಲು ಬೇರೊಬ್ಬರ ಮನೆಯಲ್ಲಿದೆ, ಇನ್ನೂ ವಾಪಸ್ ಬಂದಿಲ್ಲ. ಬೂದು ಬಟ್ಟೆಯವಳು ಬರಬೇಕೆನಿಸಿದರೆ ಅವನು ಕಾಯುವ ಆ ಹೊತ್ತಿನಲ್ಲಿ ಬರಲಿ. ಬರೆದ ಕೂಡಲೇ ಕಳಿಸು, ನಾನು ಕಾಯುತ್ತಿರುತ್ತೇನೆ.

ನಿನ್ನ ಅಕ್ಕ