ಹಾವುಮೀನಿಗೆ ಮಡುವಿನ ನೀರು ಉಳಿಸಿ

ಮಾನ್ಯರೆ,

ಬೇಸಿಗೆಯಲ್ಲಿ ಕೃಷ್ಣೆ ಬತ್ತಿ, ಹಿಪ್ಪರಗಿ, ಚಿಕ್ಕಪಡಸಲಗಿ, ಗಲಗಲಿ ಬ್ಯಾರೇಜುಗಳ ಕೆಳಗೆ ಮಡುಗಳಷ್ಟೇ ಉಳಿದಾಗ ಬಲೆಗೆ ಬಿದ್ದ ಉದ್ದನೆಯ ಮೀನಿಗೆಲ್ಲ ‘ಹಾವುಮೀನು’ ಎಂದೇ ಹೆಸರು. ಆದರೆ ಅವು ಎರಡು ಬೇರೆ ಮೀನುಗಳು. ಚೂಪು ಮೂತಿ, ಬೆನ್ನ ಮೇಲೆ ಸಾಲಾಗಿ ಬಿಡಿಬಿಡಿ ಮುಳ್ಳುಗಳಿದ್ದರೆ ಅದು ಮುಳ್ಳು ಹಾವುಮೀನು. ಉಸುಕಿನಲ್ಲಿ ಹುದುಗಿರುವ ಅದು ಹೊಳೆಯಲ್ಲೇ ಮರಿ ಮಾಡುತ್ತದೆ. ಬೆನ್ನಿನ ರೆಕ್ಕೆ ಬಾಲವನ್ನು ಸುತ್ತಿ ಕೆಳಗಿನ ರೆಕ್ಕೆಯನ್ನು ಕೂಡಿಕೊಂಡು, ತಲೆಯ ಹಿಂದೆ ಎರಡು ಪುಟ್ಟ ರೆಕ್ಕೆ, ಮೈಮೇಲೆ ಕಂದು ಮಚ್ಚೆ, ಕೈಗೆ ನಿಲ್ಲದಷ್ಟು ಲೋಳೆ ಇದ್ದರೆ ಅದು ನಿಜವಾದ ಈಲ್, ವೈಜ್ಞಾನಿಕ ಹೆಸರು ಆಂಗ್ವಿಲ್ಲ ಬೆಂಗಾಲೆನ್ಸಿಸ್. ಹಾವೆಂದು ಬಡಿದು ಕೊಲ್ಲುವುದು ಇದನ್ನೇ. ನಮ್ಮ ಆತಂಕವೂ ಇದರದ್ದೇ.

ಇದು ಹುಟ್ಟುವುದು ಕಡಲಲ್ಲಿ. ಎಲೆಯಂತೆ ಚಪ್ಪಟೆಯಾದ ಮರಿ ಕಡಲ ಪ್ರವಾಹದಲ್ಲಿ ತೇಲಿಬಂದು, ದಡದ ಹತ್ತಿರ ಗಾಜಿನ ಕಡ್ಡಿಯಂತಾಗಿ ಹೊಳೆ ಏರುತ್ತದೆ. ಮುಂದೆ ವರ್ಷಗಟ್ಟಲೆ ಹಗಲು ತಳದ ಬಂಡೆಸಂದಿಯಲ್ಲೋ ರಾಡಿಯಲ್ಲೋ ಅಡಗಿದ್ದು, ರಾತ್ರಿ ಸಿಗಡಿ, ಏಡಿ, ಮೀನು ತಿಂದು ಬೆಳೆಯುತ್ತದೆ. ಬಲಿತ ಮೇಲೆ ಕಡಲಿಗೆ ಮರಳಿ, ಒಂದೇ ಸಲ ಮೊಟ್ಟೆಯಿಟ್ಟು ಸಾಯುತ್ತದೆ.

ಕಡಲಿನಿಂದ ನಮ್ಮಲ್ಲಿಗೆ ಬರಲು ಪ್ರಕಾಶಂ ಬ್ಯಾರೇಜ್, ಪುಲಿಚಿಂತಲ, ನಾಗಾರ್ಜುನಸಾಗರ, ಶ್ರೀಶೈಲ, ಜುರಾಲಾ, ನಾರಾಯಣಪುರ, ಆಲಮಟ್ಟಿ ಎಲ್ಲವನ್ನೂ ದಾಟಬೇಕು. ಬೆರಳುದ್ದದ ಮರಿ ಒದ್ದೆ ಬಂಡೆ ಹತ್ತಬಲ್ಲದು. 100 ಮೀಟರಿಗೂ ಎತ್ತರದ ಅಣೆಕಟ್ಟನ್ನು ಹತ್ತಲಾರದು. ಮರಿಗಳು ಅಣೆಕಟ್ಟು ಏರಲೆಂದು ಬ್ರಷ್ ಹಾಸಿ ನೀರು ಜಿನುಗಿಸುವ ಇಳಿಜಾರು ಏಣಿಗಳು ಹೊರದೇಶಗಳಲ್ಲಿವೆ. ಅವನ್ನು ಇಲ್ಲಿ ಮೊದಲು ಕಟ್ಟಿದರೆ ಹಣ ದಂಡ. ಕೆಲಸ ಕಡಲ ಕಡೆಯಿಂದ ಶುರುವಾಗಬೇಕು. ಕಾಟ್ಲಾ, ರೋಹು ಮರಿಗಳಂತೆ ಇದನ್ನು ತಂದು ಬಿಡೋಣವೆಂದರೆ ಹಾರ್ಮೋನ್ ಚುಚ್ಚಿ ಬೇಕಾದಷ್ಟು ಮರಿ ತೆಗೆಯುವ ಮೀನು ಇದಲ್ಲ. ಜಪಾನಿನಲ್ಲಿ ಸಾಕುವ ಈಲ್ ಕೂಡ ಹೆಚ್ಚುಕಡಿಮೆ ಎಲ್ಲವೂ ಹೊಳೆಬಾಯಲ್ಲಿ ಹಿಡಿದ ಮರಿಗಳೇ. ಹೀಗಾಗಿ ನಮ್ಮ ಮಡುವಿನಲ್ಲಿ ಸತ್ತ ಒಂದು ಈಲ್‌ನ ಜಾಗಕ್ಕೆ ಇನ್ನೊಂದು ಬರುವ ಖಾತ್ರಿಯಿಲ್ಲ.

ಇದ್ದುದನ್ನು ಉಳಿಸುವುದು ಮಾತ್ರ ನಮ್ಮ ಕೈಯಲ್ಲಿದೆ. ಮಡುವಿಗೆ ಫುಟ್‌ವಾಲ್ವ್ ಇಳಿಸಿದವರು 5 ಅಡಿ ನೀರು ಉಳಿದಾಗ ಪಂಪ್‌ಸೆಟ್ ನಿಲ್ಲಿಸಲಿ. ತಳದ ಬಂಡೆ, ಉಸುಕು ಎತ್ತಬಾರದು. ಮೀನು ಹಿಡಿಯಲು ಹಾಕುವ ಬ್ಲೀಚಿಂಗ್ ಪುಡಿ ಕಿವಿರು ಸುಡುತ್ತದೆ, ನಿಂತ ನೀರಿನಲ್ಲಿ ಅದು ಹರಿದೂ ಹೋಗುವುದಿಲ್ಲ. ನೀರಿಗೆ ಕರೆಂಟ್ ಬಿಟ್ಟರೆ ಮೈ ಉದ್ದವಿದ್ದಷ್ಟೂ ಹೊಡೆತ ಹೆಚ್ಚು, ಬೆನ್ನೆಲುಬೇ ಮುರಿಯಬಹುದು. ಸಿಡಿಮದ್ದು, ವಿಷ ಹಾಕಿ ಮೀನು ಹಿಡಿಯುವುದು 1897ರ ಮೀನುಗಾರಿಕೆ ಕಾಯ್ದೆಯಲ್ಲೇ ಅಪರಾಧ. ಬೇಸಿಗೆಯ ಎರಡು ತಿಂಗಳಾದರೂ ಮೀನುಗಾರಿಕೆ ಇಲಾಖೆಯವರು ಮಡುಗಳ ಮೇಲೆ ಕಣ್ಣಿಡಬೇಕು.

ಈಲ್ ಬಲೆಗೆ ಬಿದ್ದರೆ ಒಣ ಬಟ್ಟೆಯಲ್ಲೋ ಮಣ್ಣಿನ ಕೈಯಲ್ಲೋ ಹಿಡಿಯಬೇಡಿ, ಲೋಳೆ ಕಿತ್ತುಹೋಗುತ್ತದೆ. ಒದ್ದೆ ಗೋಣಿಚೀಲದಲ್ಲಿ ನೆರಳಿಗಿಟ್ಟರೆ ಚರ್ಮದಿಂದಲೂ ಉಸಿರಾಡುತ್ತ ಕೊಂಚ ಹೊತ್ತು ತಡೆಯುತ್ತದೆ. ಅಷ್ಟರೊಳಗೆ ಆಳದ ಮಡುವಿಗೆ ಬಿಡಿ. ಕಣ್ಣು ದೊಡ್ಡದಾಗಿ, ಹೊಟ್ಟೆ ಬೆಳ್ಳಿಯಂತೆ ಬಿಳಿಚಿದ್ದರೆ ಅದು ಕಡಲಿಗೆ ಹೊರಟ ಮೀನು; ಅದನ್ನು ಬ್ಯಾರೇಜಿನ ಕೆಳಮಗ್ಗುಲಿಗೇ ಬಿಡಬೇಕು.

– ಹೊಳೆಮೀನುಗಳ ಆಸಕ್ತರು, ಜಮಖಂಡಿ, ಬಾಗಲಕೋಟೆ ಜಿಲ್ಲೆ