ನಮ್ಮ ವೋಲ್ಟೇಜ್ ಸೋರ್ಸ್‌ನಲ್ಲಿ ಇನ್ನು 20 ಬಿಟ್ ಚಿಪ್: ಗ್ರಾಹಕರಿಗೆ ಪತ್ರ

ಆತ್ಮೀಯ ಗ್ರಾಹಕರಿಗೆ ಹೊಸೂರಿನಿಂದ ನಮಸ್ಕಾರ.

ನೀವು ಬಳಸುತ್ತಿರುವ ನಮ್ಮ ಡಿ.ಸಿ. ವೋಲ್ಟೇಜ್ ಸೋರ್ಸ್‌ನಲ್ಲಿ ಒಂದು ದೊಡ್ಡ ಬದಲಾವಣೆ ಮಾಡಿದ್ದೇವೆ. ಇಷ್ಟು ದಿನ ಅದರೊಳಗೆ 16 ಬಿಟ್‌ನ ಡಿಎಸಿ ಚಿಪ್ ಇತ್ತು. ಮುಂದಿನ ಬ್ಯಾಚಿನಿಂದ ಅನಲಾಗ್ ಡಿವೈಸಸ್ ಕಂಪನಿಯ ಎಡಿ5791 ಎಂಬ 20 ಬಿಟ್ ಚಿಪ್ ಇರುತ್ತದೆ. ಬೆಲೆಯೂ ಜಾಸ್ತಿಯಾಗುತ್ತದೆ. ಯಾಕೆ ಜಾಸ್ತಿ, ಆ ದುಡ್ಡಿಗೆ ನಿಮಗೇನು ಸಿಗುತ್ತದೆ, ಯಾರಿಗೆ ಇದು ಬೇಕಾಗಿಯೇ ಇಲ್ಲ ಅನ್ನುವುದನ್ನು ಬಿಡಿಸಿ ಹೇಳುವುದಕ್ಕೆ ಈ ಪತ್ರ.

ಡಿಎಸಿ ಅಂದರೆ ಸಂಖ್ಯೆಯನ್ನು ವೋಲ್ಟೇಜ್ ಆಗಿ ಮಾಡಿಕೊಡುವ ಚಿಪ್. ನೀವು 5 ವೋಲ್ಟ್ ಅಂತ ಕೀ ಒತ್ತಿದರೆ ಟರ್ಮಿನಲ್‌ನಲ್ಲಿ 5 ವೋಲ್ಟ್ ಬರುವುದು ಇದರಿಂದಲೇ. ನಮ್ಮ ಸೋರ್ಸ್ ಮೈನಸ್ 10ರಿಂದ ಪ್ಲಸ್ 10 ವೋಲ್ಟ್‌ವರೆಗೆ ಕೊಡುತ್ತದೆ. 16 ಬಿಟ್‌ನಲ್ಲಿ ಈ 20 ವೋಲ್ಟ್ 65,536 ಸ್ಟೆಪ್ ಆಗುತ್ತದೆ, ಒಂದು ಸ್ಟೆಪ್ಪಿಗೆ ಸುಮಾರು 305 ಮೈಕ್ರೋವೋಲ್ಟ್. 20 ಬಿಟ್‌ನಲ್ಲಿ 10,48,576 ಸ್ಟೆಪ್, ಒಂದಕ್ಕೆ 19 ಮೈಕ್ರೋವೋಲ್ಟ್.

ಬಿಟ್ ಜಾಸ್ತಿಯಾಯಿತು ಅಂದ ಮಾತ್ರಕ್ಕೆ ಯಾರನ್ನೂ ನಂಬಬೇಡಿ, ನಮ್ಮನ್ನೂ ಕೂಡ. ಸ್ಕೇಲಿನ ಮೇಲೆ ಗೆರೆ ಹತ್ತಿರ ಹತ್ತಿರ ಎಳೆದರೆ ಅಳತೆ ಸರಿಯಾಗುವುದಿಲ್ಲ, ಗೆರೆ ತನ್ನ ಜಾಗದಲ್ಲೇ ಇರಬೇಕು ಅಲ್ವಾ? ನಾವು ಈ ಚಿಪ್ ಆರಿಸಿದ್ದು ಅದಕ್ಕೇ. ಇದರ ಮೇಲ್ದರ್ಜೆಯ ಚಿಪ್‌ನಲ್ಲಿ ಯಾವ ಸ್ಟೆಪ್ಪೂ ಇರಬೇಕಾದ ನೇರ ಗೆರೆಯಿಂದ ಒಂದು ಸ್ಟೆಪ್ಪಿಗಿಂತ ಜಾಸ್ತಿ ಆಚೀಚೆ ಹೋಗುವುದಿಲ್ಲ. ಅಂದರೆ ಹತ್ತು ಲಕ್ಷದಲ್ಲಿ ಒಂದು ಭಾಗ, ನಾವು ಪಿಪಿಎಂ ಅನ್ನುವುದು ಇದನ್ನೇ.

ಇದು ಸಾಧ್ಯವಾಗುವುದು ಚಿಪ್ಪಿನ ಒಳಗಿನ ಜೋಡಣೆಯಿಂದ. ಮಾಮೂಲಿ ಆರ್-2ಆರ್ ಜಾಲದಲ್ಲಿ (ಒಂದು ಅಳತೆಯ ಮತ್ತು ಅದರ ಎರಡರಷ್ಟು ಅಳತೆಯ ರೆಸಿಸ್ಟರ್ ಜೋಡಿಸಿದ ಜಾಲ) ಅರ್ಧ ದಾರಿ ಬಂದಾಗ ಎಲ್ಲ ಸ್ವಿಚ್ಚೂ ಒಂದೇ ಸಲ ಮಗುಚಿಕೊಳ್ಳುತ್ತವೆ. ಆಗ ದೊಡ್ಡ ಬಿಟ್ಟಿನ ರೆಸಿಸ್ಟರ್, ಉಳಿದೆಲ್ಲ ಸೇರಿದ್ದಕ್ಕೆ ಸರಿಸಮ ಇರಬೇಕು. ಚೂರು ತಪ್ಪಿದರೂ ವೋಲ್ಟೇಜ್ ಜಿಗಿಯುತ್ತದೆ, ಕೆಲವು ಸಲ ಮುಂದೆ ಹೋಗುವ ಬದಲು ಹಿಂದಕ್ಕೇ ಬರುತ್ತದೆ. ಎಡಿ5791ರಲ್ಲಿ ಮೇಲಿನ 6 ಬಿಟ್ಟಿಗೆ 63 ಒಂದೇ ಅಳತೆಯ ರೆಸಿಸ್ಟರ್‌ಗಳಿವೆ. ವೋಲ್ಟೇಜ್ ಏರಿದ ಹಾಗೆ ಒಂದೊಂದೇ ಸೇರಿಕೊಳ್ಳುತ್ತಾ ಹೋಗುತ್ತವೆ. ಕೆಳಗಿನ 14 ಬಿಟ್ಟಿಗೆ ಮಾತ್ರ ಆರ್-2ಆರ್. ಹಾಗಾಗಿ ನಟ್ಟನಡುವೆ ದೊಡ್ಡ ಜಿಗಿತ ಬರುವ ಅಪಾಯ ಬಹಳ ಕಡಿಮೆ. ವೋಲ್ಟೇಜಿಗೆ ತಕ್ಕ ಹಾಗೆ ತೆರೆದು ಮುಚ್ಚುವ ಸರ್ವೋ ವಾಲ್ವ್ ಪರೀಕ್ಷೆ ಮಾಡುವವರಿಗೆ ಇದರ ಬೆಲೆ ಗೊತ್ತು.

ಇನ್ನು ಬೆಲೆ ಏರಿಕೆಯ ವಿಷಯ. ಅದಕ್ಕೆ ಮುಖ್ಯ ಕಾರಣ ಡಿಎಸಿ ಅಲ್ಲ, ಅದರ ಹಿಂದೆ ನಿಂತಿರುವ ರೆಫರೆನ್ಸ್, ಅಂದರೆ ಅದಕ್ಕೆ ಸ್ಥಿರವಾದ ವೋಲ್ಟೇಜ್ ಕೊಡುವ ಭಾಗ. ಡಿಎಸಿ ತಾನಾಗಿ ವೋಲ್ಟೇಜ್ ಹುಟ್ಟಿಸುವುದಿಲ್ಲ, ರೆಫರೆನ್ಸ್ ಕೊಟ್ಟದ್ದನ್ನು ಪಾಲು ಮಾಡುತ್ತದೆ ಅಷ್ಟೆ. ಎಡಿ5791ರ ಸ್ವಂತ ಬದಲಾವಣೆ ಒಂದು ಡಿಗ್ರಿ ಸೆಲ್ಸಿಯಸ್‌ಗೆ 0.05 ಪಿಪಿಎಂ. 10 ವೋಲ್ಟ್‌ನಲ್ಲಿ ಅದು ಅರ್ಧ ಮೈಕ್ರೋವೋಲ್ಟ್. ಆದರೆ ಒಳ್ಳೆಯದು ಅಂತ ಹೆಸರಾದ ರೆಫರೆನ್ಸ್ ಚಿಪ್‌ಗಳೇ ಡಿಗ್ರಿಗೆ 2 ಪಿಪಿಎಂವರೆಗೆ ಬದಲಾಗುತ್ತವೆ. 10 ವೋಲ್ಟ್‌ನಲ್ಲಿ ಅದು 20 ಮೈಕ್ರೋವೋಲ್ಟ್, ಅಂದರೆ ಡಿಗ್ರಿಗೊಂದು ಸ್ಟೆಪ್. ನಮ್ಮ ಕಡೆ ಫೆಬ್ರವರಿ, ಮಾರ್ಚ್‌ನಲ್ಲಿ ಬೆಳಗಿನ ಚಳಿಗೂ ಮಧ್ಯಾಹ್ನ ಶೀಟಿನ ಕೆಳಗಿನ ಧಗೆಗೂ ಹತ್ತು ಡಿಗ್ರಿ ವ್ಯತ್ಯಾಸ ಸುಲಭವಾಗಿ ಬರುತ್ತದೆ. ಅಲ್ಲಿಗೆ ಹತ್ತು ಸ್ಟೆಪ್ ಹೋಯಿತು. ಅಂಥ ರೆಫರೆನ್ಸ್ ಇಟ್ಟುಕೊಂಡು 20 ಬಿಟ್ ಅಂತ ಹೆಸರು ಬರೆದು ಮಾರುವುದು ಸರಿಯಲ್ಲ.

ಅದಕ್ಕೆ ಎಲ್‌ಟಿಝಡ್1000 ಎಂಬ ರೆಫರೆನ್ಸ್ ಚಿಪ್ ಹಾಕಿದ್ದೇವೆ. ಇದರಲ್ಲಿ ಆ ಸ್ಥಿರ ವೋಲ್ಟೇಜ್ ಕೊಡುವ ಝೀನರ್ ಡಯೋಡ್ ಸಿಲಿಕಾನಿನ ಮೇಲ್ಮೈಯ ಅಡಿಯಲ್ಲಿ ಹೂತಿರುತ್ತದೆ. ಅದೇ ಸಿಲಿಕಾನಿನಲ್ಲೇ ಒಂದು ಹೀಟರ್ ಇದೆ. ಹೊರಗೆ ಚಳಿಯಾಗಲಿ ಸೆಕೆಯಾಗಲಿ, ಒಳಗೆ ಒಂದೇ ಬಿಸಿ. ಲೋಹದ ಡಬ್ಬಿಯೊಳಗೆ ಮುಚ್ಚಿರುವುದರಿಂದ ತೇವವೂ ಒಳಗೆ ಹೋಗುವುದಿಲ್ಲ. ಪ್ಲಾಸ್ಟಿಕ್ ಮೈಯ ರೆಫರೆನ್ಸ್‌ಗಳು ಮಳೆಗಾಲದಲ್ಲಿ ತೇವ ಹೀರಿ ಚೂರು ಉಬ್ಬುತ್ತವೆ, ಒಳಗಿನ ಸಿಲಿಕಾನಿನ ಮೇಲೆ ಒತ್ತಡ ಬಿದ್ದು ವೋಲ್ಟೇಜ್ ಸರಿಯುತ್ತದೆ. ಎಲ್‌ಟಿಝಡ್1000 ಕೊಡುವುದು ಸುಮಾರು 7 ವೋಲ್ಟ್. ಅದನ್ನು 10ಕ್ಕೆ ಏರಿಸುವ ರೆಸಿಸ್ಟರ್ ಜೋಡಿಯೂ ಬಿಸಿಗೆ ಒಟ್ಟೊಟ್ಟಿಗೇ ಬದಲಾಗಬೇಕು, ಒಂದು ಹೆಚ್ಚು ಒಂದು ಕಡಿಮೆ ಆಗಬಾರದು. ಅಂಥ ಜೋಡಿಗೂ ದುಡ್ಡು ಹೋಗುತ್ತದೆ.

ಬಳಸುವ ರೀತಿ ಸ್ವಲ್ಪ ಬದಲಾಗುತ್ತದೆ. ಆನ್ ಮಾಡಿ ಒಂದು ಗಂಟೆ ಬಿಟ್ಟು ಅಳತೆ ಶುರು ಮಾಡಿ. ಟೇಬಲ್ ಫ್ಯಾನಿನ ಗಾಳಿ ಟರ್ಮಿನಲ್ ಮೇಲೆ ನೇರವಾಗಿ ಬೀಳದಿರಲಿ. ಇದು ಸುಮ್ನೆ ಹೇಳುವ ಮಾತಲ್ಲ. ಎರಡು ಬೇರೆ ಲೋಹ ಸೇರಿದ ಕಡೆಗಳಲ್ಲಿ ಬಿಸಿ ವ್ಯತ್ಯಾಸವಾದರೆ ತಾನಾಗಿಯೇ ವೋಲ್ಟೇಜ್ ಹುಟ್ಟುತ್ತದೆ. ಬಿಸಿ ಅಳೆಯುವ ನಿಮ್ಮ ಕೆ ಟೈಪ್ ಥರ್ಮೋಕಪಲ್ ಕೆಲಸ ಮಾಡುವುದೇ ಹಾಗೆ, ಡಿಗ್ರಿಗೆ ಸುಮಾರು 41 ಮೈಕ್ರೋವೋಲ್ಟ್. ತಾಮ್ರಕ್ಕೆ ಕಪ್ಪು ಆಕ್ಸೈಡ್ ಹಿಡಿದಿದ್ದರೆ ಇದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ ಬರಬಹುದು. ಹೊಸ ಪೆಟ್ಟಿಗೆಯಲ್ಲಿ ಚಿನ್ನದ ಲೇಪದ ತಾಮ್ರದ ಟರ್ಮಿನಲ್ ಇದೆ. ನೀವೂ ಬರಿ ತಾಮ್ರದ ವೈರನ್ನು ಹೊಳೆಯುವ ಹಾಗೆ ಕೆರೆದು, ಬಿಗಿಯಾಗಿ ಕಟ್ಟಿ.

ಎರಡರ ಬದಲು ನಾಲ್ಕು ಟರ್ಮಿನಲ್ ಯಾಕೆ ಅಂತ ಕೇಳಬಹುದು. ವೈರಿನ ರೆಸಿಸ್ಟೆನ್ಸ್ 0.1 ಓಮ್ ಇದ್ದು ನಿಮ್ಮ ಲೋಡ್ 10 ಮಿಲಿಆಂಪ್ ಎಳೆದರೆ, ವೈರಿನಲ್ಲೇ 1 ಮಿಲಿವೋಲ್ಟ್ ಕಳೆದುಹೋಗುತ್ತದೆ. ಅದು 50 ಸ್ಟೆಪ್ಪಿಗಿಂತ ಜಾಸ್ತಿ! ಇನ್ನೆರಡು ಟರ್ಮಿನಲ್ ಸೆನ್ಸ್‌ಗೆ, ಅಂದರೆ ಲೋಡಿನ ಹತ್ತಿರ ನಿಜವಾಗಿ ಎಷ್ಟು ವೋಲ್ಟೇಜ್ ಇದೆ ಅಂತ ನೋಡುವುದಕ್ಕೆ. ಅವನ್ನು ಲೋಡಿನ ತನಕ ಎಳೆದು ಕಟ್ಟಿದರೆ ಆ ನಷ್ಟವನ್ನು ಸೋರ್ಸ್ ತಾನೇ ತುಂಬಿಕೊಡುತ್ತದೆ.

ಈಗ ಯಾರಿಗೆ ಬೇಕು, ಯಾರಿಗೆ ಬೇಡ. ಪಿಎಲ್‌ಸಿಯ (ಕಾರ್ಖಾನೆಯ ಮೆಷಿನ್ ನಡೆಸುವ ಕಂಟ್ರೋಲರ್) 12 ಬಿಟ್ ಇನ್‌ಪುಟ್ ಕಾರ್ಡ್ ನೋಡುವವರು ಹಳೆಯದನ್ನೇ ಇಟ್ಟುಕೊಳ್ಳಿ. 0ರಿಂದ 10 ವೋಲ್ಟ್ ಕಾರ್ಡಿನ ಒಂದು ಸ್ಟೆಪ್ಪೇ 2.44 ಮಿಲಿವೋಲ್ಟ್. ಹೀಟ್ ಟ್ರೀಟ್‌ಮೆಂಟ್ ಫರ್ನೆಸ್‌ನ ಕಂಟ್ರೋಲರ್ ಪರೀಕ್ಷಿಸುವವರಿಗೂ ಹಳೆಯದು ಸಾಕು. ವೋಲ್ಟೇಜನ್ನು ನೂರನೇ ಒಂದು ಭಾಗಕ್ಕೆ ಇಳಿಸುವ 100ಕ್ಕೆ 1 ಡಿವೈಡರ್‌ನಲ್ಲಿ ಅದರ ಸ್ಟೆಪ್ 3 ಮೈಕ್ರೋವೋಲ್ಟ್, ಕೆ ಟೈಪಿನಲ್ಲಿ ಡಿಗ್ರಿಯ ಹತ್ತನೇ ಒಂದು ಭಾಗಕ್ಕಿಂತ ಕಡಿಮೆ. ಹೊಸದು ಕೊಂಡರೆ ನಿಮ್ಮ ದುಡ್ಡು ದಂಡ.

ತೂಕದ ಇಂಡಿಕೇಟರ್ ತಯಾರಿಸುವವರ ಲೆಕ್ಕ ಬೇರೆ. ಭಾರವನ್ನು ವೋಲ್ಟೇಜ್ ಆಗಿ ಮಾಡುವ, ವೋಲ್ಟಿಗೆ 2 ಮಿಲಿವೋಲ್ಟ್ ಕೊಡುವ ಲೋಡ್ ಸೆಲ್‌ಗೆ 10 ವೋಲ್ಟ್ ಕೊಟ್ಟರೆ ಪೂರ್ತಿ ಭಾರಕ್ಕೆ ಬರುವುದು 20 ಮಿಲಿವೋಲ್ಟ್. ಅದೇ 100ಕ್ಕೆ 1 ಡಿವೈಡರ್ ಮೂಲಕ ಅದನ್ನು ಹಳೆಯ ಸೋರ್ಸ್ ಸುಮಾರು ಆರೂವರೆ ಸಾವಿರ ಸ್ಟೆಪ್‌ನಲ್ಲಿ ಕೊಡುತ್ತಿತ್ತು, ಹೊಸದು ಒಂದು ಲಕ್ಷಕ್ಕಿಂತ ಜಾಸ್ತಿ ಸ್ಟೆಪ್‌ನಲ್ಲಿ ಕೊಡುತ್ತದೆ. ನಿಮ್ಮ ಇಂಡಿಕೇಟರ್ 10,000 ಡಿವಿಷನ್ ತೋರಿಸುವುದಾದರೆ ಅದನ್ನು ಪರೀಕ್ಷಿಸುವ ಉಪಕರಣ ಅದಕ್ಕಿಂತ ನಯವಾಗಿರಬೇಕಲ್ಲ. ವೋಲ್ಟೇಜನ್ನು ಸಂಖ್ಯೆಯಾಗಿ ಮಾಡುವ ಎಡಿಸಿ ಕಾರ್ಡ್ ತಯಾರಿಸುವವರಿಗೂ ಕ್ಯಾಲಿಬ್ರೇಷನ್ ಲ್ಯಾಬ್‌ಗಳಿಗೂ ಇದೇ ಮಾತು.

ಕಂಪ್ಯೂಟರಿನಿಂದ ಸೋರ್ಸ್ ನಡೆಸುವವರು ಗಮನಿಸಿ. ವೋಲ್ಟ್‌ನಲ್ಲಿ ಕಮಾಂಡ್ ಕಳಿಸುತ್ತಿದ್ದರೆ ಏನೂ ಬದಲಿಸಬೇಕಿಲ್ಲ. ನೇರವಾಗಿ ಕೋಡ್ ಸಂಖ್ಯೆ ಕಳಿಸುತ್ತಿದ್ದರೆ ಹಳೆಯ ಸಂಖ್ಯೆಯನ್ನು 16ರಿಂದ ಗುಣಿಸಿ. ಆನ್ ಮಾಡಿದಾಗ ಕಮಾಂಡ್ ಬರುವ ತನಕ ಟರ್ಮಿನಲ್‌ನಲ್ಲಿ ಸೊನ್ನೆಯೇ ಇರುತ್ತದೆ, ನಿಮ್ಮ ಮೆಷಿನ್ ಎಗರುವುದಿಲ್ಲ.

ಹಳೆಯ ಪೆಟ್ಟಿಗೆಗೇ ಹೊಸ ಚಿಪ್ ಹಾಕಿಕೊಡಿ ಅಂತ ಕೆಲವರು ಕೇಳಿದ್ದೀರಿ. ಅದು ಆಗುವುದಿಲ್ಲ. ಈ ಚಿಪ್ಪಿನ ಔಟ್‌ಪುಟ್‌ಗೆ 3.4 ಕಿಲೋಓಮ್ ರೆಸಿಸ್ಟೆನ್ಸ್ ಇದೆ, ಮುಂದೊಂದು ಒಳ್ಳೆಯ ಆಂಪ್ಲಿಫೈಯರ್ ಇಲ್ಲದೆ ಲೋಡ್ ಕೊಡುವ ಹಾಗಿಲ್ಲ. ರೆಫರೆನ್ಸಿಗೂ ಬೇರೆ ಬಫರ್ ಬೇಕು. ಗ್ರೌಂಡ್ ಎಳೆಯುವ ರೀತಿಯೇ ಬೇರೆ, ಬೋರ್ಡ್ ಪೂರ್ತಿ ಹೊಸದು. ಹಳೆಯದರ ರಿಪೇರಿ, ಬಿಡಿಭಾಗ ಎಂದಿನಂತೆ ನಮ್ಮಲ್ಲಿ ಸಿಗುತ್ತವೆ.

ಪ್ರತಿ ಹೊಸ ಪೆಟ್ಟಿಗೆಯ ಜೊತೆ ಎನ್‌ಎಬಿಎಲ್ (ಲ್ಯಾಬ್‌ಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆ ಇರುವ ಲ್ಯಾಬಿನ ಸರ್ಟಿಫಿಕೇಟ್ ಬರುತ್ತದೆ. ಡಿಸ್‌ಪ್ಲೇಯಲ್ಲಿ ಎಷ್ಟು ಅಂಕಿ ಕಂಡರೂ, ನಿಮ್ಮ ಲೆಕ್ಕಕ್ಕೆ, ಅಳತೆ ಎಷ್ಟು ಆಚೀಚೆ ಇರಬಹುದು ಅಂತ ಸರ್ಟಿಫಿಕೇಟಿನಲ್ಲಿ ಬರೆದ ಅನ್‌ಸರ್ಟನ್ಟಿಯನ್ನೇ ಹಿಡಿಯಿರಿ. ವರ್ಷಕ್ಕೊಮ್ಮೆ ಮತ್ತೆ ಕ್ಯಾಲಿಬ್ರೇಷನ್ ಮಾಡಿಸಿ. ಕೈಪಿಡಿ ಕನ್ನಡ, ತಮಿಳು ಎರಡರಲ್ಲೂ ಇದೆ, ಯಾವುದು ಬೇಕೆಂದು ಆರ್ಡರಿನಲ್ಲಿ ಬರೆಯಿರಿ. ಅತ್ತಿಬೆಲೆ, ಬೊಮ್ಮಸಂದ್ರ, ಜಿಗಣಿ ಕಡೆಯವರಿಗೆ ರಾಜ್ಯ ಬೇರೆಯಾದ್ದರಿಂದ ಬಿಲ್ಲಿನಲ್ಲಿ ಎಂದಿನಂತೆ ಐಜಿಎಸ್‌ಟಿ ಇರುತ್ತದೆ.

ಆರ್ಡರ್ ಕೊಡುವ ಮೊದಲು ನೀವು ಏನನ್ನು ಪರೀಕ್ಷಿಸುತ್ತೀರಿ, ಅದರ ರೇಂಜ್ ಎಷ್ಟು ಅಂತ ಎರಡು ಸಾಲು ಬರೆದು ಕಳಿಸಿ. ಹಳೆಯದೇ ಸಾಕಾದರೆ ಹಾಗೆಂದೇ ಹೇಳುತ್ತೇವೆ.

ನಿಮ್ಮ ವಿಶ್ವಾಸಿಗಳು,
ಘಟಕದ ಎಲ್ಲರ ಪರವಾಗಿ, ಹೊಸೂರು